ಕೆಂಪು ಅಗಸೆ: ಹೂವು ತುಂಬಿದರೂ ಬೀಜ ಕಟ್ಟದೇಕೆ?

ಸೋಮವಾರಪೇಟೆ ಕಡೆಯ ಬೆಳೆಗಾರರೊಬ್ಬರು ಕಳೆದ ಜನವರಿಯಲ್ಲಿ ನನ್ನ ಬಳಿ ಬಂದು, "ಹೂವು ಕಣ್ತುಂಬ ಬಂತು ಸಾರ್, ಕಾಯಿ ಮಾತ್ರ ಒಂದೂ ನಿಲ್ಲಲಿಲ್ಲ" ಎಂದರು. ಅವರು ಬೆಳೆಸಿದ್ದು ಉತ್ತರ ಆಫ್ರಿಕಾದ ಅಲ್ಜೀರಿಯಾ ಮೂಲದ ಕಾಡು ಅಗಸೆ, ಲೈನಮ್ ಗ್ರ್ಯಾಂಡಿಫ್ಲೋರಮ್. ಮನೆ ಮುಂದಿನ ಕುಂಡದಲ್ಲಿ ಎರಡೇ ಗಿಡ ಉಳಿಸಿಕೊಂಡು ಮಿಕ್ಕವನ್ನೆಲ್ಲ ಕಿತ್ತಿದ್ದರು. ತೊಂದರೆಯ ಮೂಲ ಅಲ್ಲಿಯೇ ಇತ್ತು.

ಈ ಜಾತಿಯಲ್ಲಿ ಎರಡು ಬಗೆಯ ಗಿಡಗಳಿವೆ. ಒಂದು ಬಗೆಯ ಹೂವಿನಲ್ಲಿ ಶಲಾಕೆಗಳು, ಅಂದರೆ ಹೂವಿನ ನಡುವೆ ಪರಾಗವನ್ನು ಸ್ವೀಕರಿಸುವ ಕಡ್ಡಿಯಂತಹ ಹೆಣ್ಣುಭಾಗಗಳು, ಉದ್ದವಾಗಿ ನೆಟ್ಟಗೆ ನಿಂತಿರುತ್ತವೆ. ಇನ್ನೊಂದರಲ್ಲಿ ಅವು ಅದರ ಅರ್ಧದಷ್ಟೂ ಉದ್ದವಿಲ್ಲದೆ, ಕೇಸರಗಳ ಸಂದಿನಿಂದ ಹೊರಕ್ಕೆ ಚಾಚಿಕೊಂಡಿರುತ್ತವೆ. ಬೆಳಿಗ್ಗೆ ಅರಳಿದ ಹೂವನ್ನು ಭೂತಗನ್ನಡಿಯಲ್ಲಿ ನೋಡಿದರೆ, ಕಡುಗೆಂಪು ಎಸಳುಗಳ ನಡುವೆ ನೀಲಿ ಪರಾಗವೂ ಈ ವ್ಯತ್ಯಾಸವೂ ಸ್ಪಷ್ಟವಾಗಿ ಕಾಣುತ್ತವೆ. ಉದ್ದ ಶಲಾಕೆಯ ಹೂವಿಗೆ ಗಿಡ್ಡ ಶಲಾಕೆಯ ಗಿಡದ ಪರಾಗ ಬೇಕು; ತನ್ನದೇ ಬಗೆಯ ಪರಾಗ ಎಷ್ಟು ಬಿದ್ದರೂ ಬಹುಮಟ್ಟಿಗೆ ವ್ಯರ್ಥ. ಚಾರ್ಲ್ಸ್ ಡಾರ್ವಿನ್ 1861ರಲ್ಲಿ ತಮ್ಮ ತೋಟದಲ್ಲಿದ್ದ ಹನ್ನೊಂದು ಗಿಡಗಳಲ್ಲಿ ಎಂಟು ಉದ್ದ ಶಲಾಕೆಯವು, ಮೂರು ಗಿಡ್ಡ ಶಲಾಕೆಯವು ಎಂದು ಗುರುತಿಸಿ, ಒಂದರ ಪರಾಗವನ್ನು ಇನ್ನೊಂದಕ್ಕೆ ಸೋಕಿಸಿ ಇದನ್ನು ಪರೀಕ್ಷಿಸಿದ್ದರು. ಬೆಳೆಗಾರರ ಎರಡೂ ಗಿಡಗಳು ಉದ್ದ ಶಲಾಕೆಯವೇ ಆಗಿದ್ದವು. ಬೀಜ ಬೇಕಿದ್ದವರು ಕನಿಷ್ಠ ಹದಿನೈದು ಇಪ್ಪತ್ತು ಗಿಡಗಳನ್ನಾದರೂ ಒಂದೇ ಮಡಿಯಲ್ಲಿ ಬೆಳೆಸಬೇಕು; ಆಗ ಎರಡೂ ಬಗೆಗಳು ಸಿಗುವ ಸಂಭವ ಹೆಚ್ಚು, ಉಳಿದ ಕೆಲಸವನ್ನು ನಮ್ಮ ತೋಟದ ಜೇನ್ನೊಣಗಳು ಮಾಡುತ್ತವೆ.

ಕೊಡಗಿನಲ್ಲಿ ಈ ಗಿಡದ ನಿಜವಾದ ಶತ್ರು ಬುಡದಲ್ಲಿ ನಿಲ್ಲುವ ನೀರು. ಕೆಲವು ವರ್ಷಗಳ ಹಿಂದೆ ನಾನೇ ಅವಸರಪಟ್ಟು ಜೂನ್ ಮೊದಲ ವಾರ ಬಿತ್ತಿದ್ದೆ. ಎರಡು ಎಲೆ ಮೂಡಿದ ಸಸಿಗಳೆಲ್ಲ ಹತ್ತೇ ದಿನದಲ್ಲಿ ಬುಡ ಕೊಳೆತು ಮಲಗಿದವು. ಆದ್ದರಿಂದ ಮಡಿಕೇರಿ, ಭಾಗಮಂಡಲದಂತಹ ಹೆಚ್ಚು ಮಳೆಯ ಕಡೆಗಳಲ್ಲಿ ಅಕ್ಟೋಬರ್ ನಡುವೆ ಬರುವ ಕಾವೇರಿ ಸಂಕ್ರಮಣ ಕಳೆದು ಮಳೆ ಹಿಂದೆ ಸರಿದ ಮೇಲೆಯೇ ಬಿತ್ತನೆ ಮಾಡುವುದು ಕ್ಷೇಮ. ಕುಶಾಲನಗರದ ಕಡೆ ಮಳೆ ಕಡಿಮೆಯಾದ್ದರಿಂದ ಸ್ವಲ್ಪ ಮುಂಚೆಯೂ ಬಿತ್ತಬಹುದು.

ಮಡಿಯನ್ನು ಒಂದು ಗೇಣು ಎತ್ತರಿಸಿ, ಮಣ್ಣಿಗೆ ಮರಳು ಬೆರೆಸಬೇಕು. ನಮ್ಮ ಮಣ್ಣು ಹುಳಿಯಾದ್ದರಿಂದ ಕಾಫಿಗೆ ಹಾಕುವ ಕೃಷಿ ಸುಣ್ಣವನ್ನೇ ಬಿತ್ತನೆಗೆ ಎರಡು ವಾರ ಮೊದಲು ಹದವಾಗಿ ಬೆರೆಸುವುದು ಒಳ್ಳೆಯದು. ಕೊಟ್ಟಿಗೆ ಗೊಬ್ಬರ ಹೆಚ್ಚಾದರೆ ಗಿಡ ಸೊಂಪಾಗಿ ಬೆಳೆದು ಗಾಳಿಗೆ ಮಲಗುತ್ತದೆ. ಸಿಲ್ವರ್ ಓಕ್ ನೆರಳಿನಲ್ಲಿ ಇದು ಹೂ ಬಿಡಲು ಹಿಂಜರಿಯುತ್ತದೆ. ದಿನವಿಡೀ ಬಿಸಿಲು ಬೀಳುವ ಜಾಗವೇ ಬೇಕು.

ಬೀಜವನ್ನು ನೆನೆಹಾಕಬಾರದು. ನೀರು ತಾಗಿದೊಡನೆ ಅದರ ಹೊರಪದರ ಲೋಳೆಯಾಗಿ ಬೀಜಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಒಣಬೀಜವನ್ನೇ ಮರಳಿನೊಂದಿಗೆ ಬೆರೆಸಿ ಚೆಲ್ಲಿ, ಮೇಲೆ ಅರ್ಧ ಸೆಂಟಿಮೀಟರ್ ಮಣ್ಣು ಮುಚ್ಚಿದರೆ ಸಾಕು. ಒಂದೆರಡು ವಾರದಲ್ಲಿ ಮೊಳಕೆ ಬರುತ್ತದೆ. ತಾಯಿಬೇರು ನೇರವಾಗಿ ಇಳಿಯುವ ಗಿಡವಾದ್ದರಿಂದ ಸಸಿ ಕಿತ್ತು ನೆಡುವ ಪದ್ಧತಿ ಇದಕ್ಕೆ ಒಗ್ಗುವುದಿಲ್ಲ. ಗಿಡದಿಂದ ಗಿಡಕ್ಕೆ ಒಂದು ಗೇಣು ಅಂತರ ಇರುವಂತೆ ತೆಳುಗೊಳಿಸಬೇಕು.

ಒಂದು ಹೂವಿನ ಆಯುಸ್ಸು ಒಂದೇ ದಿನ. ಹೊಸ ಹೂವುಗಳು ಹಲವು ವಾರ ಅರಳುತ್ತಿರುತ್ತವೆ. ಮೂರು ವಾರಕ್ಕೊಮ್ಮೆ ಮತ್ತೆ ಸ್ವಲ್ಪ ಬಿತ್ತಿದರೆ ಅಂಗಳ ಬರಿದಾಗುವುದಿಲ್ಲ.

ನಮ್ಮ ಪಶ್ಚಿಮಘಟ್ಟದ ಹುಲ್ಲುಗಾವಲುಗಳಲ್ಲಿಯೂ ಲೈನಮ್ ಮೈಸೂರೆನ್ಸ್ ಎಂಬ ಕಾಡು ಅಗಸೆ ಇದೆ. ಅದು ಪುಟ್ಟ ಹಳದಿ ಹೂವಿನ ಸಣ್ಣ ಗಿಡ. ಅದನ್ನು ಕಂಡಾಗ ದಯವಿಟ್ಟು ಕೀಳದೆ ಅಲ್ಲಿಯೇ ಬಿಡಿ.

ಕೆಂಪು ಅಗಸೆಯ ಒಂದು ಕಾಯಿಯಲ್ಲಿ ಹೆಚ್ಚೆಂದರೆ ಹತ್ತು ಬೀಜಗಳಿರುತ್ತವೆ. ಕಾಯಿ ಕಂದು ಬಣ್ಣಕ್ಕೆ ತಿರುಗಿ ಅಲುಗಾಡಿಸಿದಾಗ ಸದ್ದು ಮಾಡತೊಡಗಿದರೆ, ಕಾಫಿ ಮೊಗ್ಗುಗಳನ್ನು ಅರಳಿಸುವ ಹೂಮಳೆ ಬೀಳುವ ಮೊದಲೇ ಕೊಯ್ದು, ನೆರಳಿನಲ್ಲಿ ಒಣಗಿಸಿ, ಕಾಗದದ ಪೊಟ್ಟಣದಲ್ಲಿ ಕಟ್ಟಿ ತೇವ ತಾಗದ ಕಡೆ ಇಡಬೇಕು.