ಗಾಲ್ಫ್ ಮೈದಾನದಲ್ಲಿ ಎಲ್ಲಿ ಹುಲ್ಲು ಕತ್ತರಿಸಬಾರದು?

ಗಾಲ್ಫ್ ಮೈದಾನ ಅಂದ ತಕ್ಷಣ ಜನ ನೀರಿನ ಲೆಕ್ಕ ಕೇಳುತ್ತಾರೆ. ಕೇಳಬೇಕಾದ್ದೇ. 18 ಹೋಲ್‌ಗಳ ಮೈದಾನ ಸಾಮಾನ್ಯವಾಗಿ 100ರಿಂದ 150 ಎಕರೆ ಜಾಗ ಹಿಡಿಯುತ್ತದೆ. ಆದರೆ ಗ್ರೀನ್‌ಗಳು, ಅಂದರೆ ಚೆಂಡು ಬೀಳಬೇಕಾದ ಗುಳಿಯ ಸುತ್ತ 3-4 ಮಿಲಿಮೀಟರ್ ಎತ್ತರಕ್ಕೆ ಕತ್ತರಿಸಿ ದಿನವೂ ಆರೈಕೆ ಮಾಡಲೇಬೇಕಾದ ಜಾಗ, ಎಲ್ಲ ಸೇರಿದರೂ 2-3 ಎಕರೆ. ಫೇರ್‌ವೇಗಳು, ಅಂದರೆ ಮೊದಲ ಹೊಡೆತದ ಜಾಗದಿಂದ ಗ್ರೀನ್‌ವರೆಗಿನ ಆಟದ ಪಟ್ಟಿಗಳು, ಇನ್ನೊಂದು 25-30 ಎಕರೆ. ಉಳಿದ ಕಡೆಯೆಲ್ಲ ನೀರು, ಗೊಬ್ಬರ, ಡೀಸೆಲ್ ಸುರಿಯುವುದು ಬಹುಪಾಲು ಅಭ್ಯಾಸಬಲದಿಂದ. ಹುಲ್ಲು ಬೆಳೆಸುವುದೇ ನನ್ನ ಕಸುಬು. ಆದರೂ ಹೇಳುತ್ತೇನೆ, ಮೊದಲು ಕಡಿಮೆ ಮಾಡಬೇಕಾದ್ದು ಹುಲ್ಲನ್ನೇ.

ಅಮೆರಿಕದ ಪೈನ್‌ಹರ್ಸ್ಟ್ ನಂ. 2 ಮೈದಾನದವರು 2010-11ರಲ್ಲಿ ಸುಮಾರು 35 ಎಕರೆ ಹುಲ್ಲು ಕಿತ್ತು, ಆ ಸೀಮೆಯ ಮರಳು ಮತ್ತು ಕಾಡುಹುಲ್ಲನ್ನೇ ಮರಳಿ ತಂದರು. ಸ್ಪ್ರಿಂಕ್ಲರ್‌ಗಳು ಸುಮಾರು 1,150ರಿಂದ 450ಕ್ಕೆ ಇಳಿದವು. 2014ರಲ್ಲಿ ಪುರುಷರ ಮತ್ತು ಮಹಿಳೆಯರ ಯು.ಎಸ್. ಓಪನ್ ಗಾಲ್ಫ್ ಟೂರ್ನಿಗಳು ಎರಡೂ ಅಲ್ಲೇ ಬೆನ್ನುಬೆನ್ನಿಗೆ ನಡೆದವು. ಟಿವಿಯಲ್ಲಿ ಕಂದು ಬಣ್ಣ ನೋಡಿ ಗೊಣಗಿದವರೂ ಇದ್ದರು, ಬಿಡಿ.

ನಮ್ಮಲ್ಲಿ ತೊಂದರೆ ಕೊಡುವುದು ಹಸಿರಿನ ಹುಚ್ಚು. ಏಪ್ರಿಲ್‌ನಲ್ಲಿ ಅಮೆರಿಕದ ಅಗಸ್ಟಾದ ಹಚ್ಚಹಸಿರು ಮೈದಾನದಲ್ಲಿ ನಡೆಯುವ ಮಾಸ್ಟರ್ಸ್ ಟೂರ್ನಿ ನೋಡಿದ ಮೆಂಬರ್‌ಗಳು ‘ನಮ್ದು ಯಾಕೆ ಹಾಗಿಲ್ಲ?’ ಅಂತಾರೆ. ನಮ್ಮ ಏಪ್ರಿಲ್ ಬೋರ್‌ವೆಲ್ ಬತ್ತುವ ಏಪ್ರಿಲ್ ಸ್ವಾಮಿ! ದುಡ್ಡು ಕೊಟ್ಟು ತರುವ ಬರ್ಮುಡಾ ಹುಲ್ಲು ಗಣಪತಿಗೆ ಏರಿಸುವ ಗರಿಕೆಯ ಬಳಗವೇ. ಬೇಸಿಗೆಯಲ್ಲಿ ಒಣಗಿದಂತೆ ಕಂಡರೂ ಅಷ್ಟು ಬೇಗ ಸಾಯುವುದಿಲ್ಲ. ಮಳೆ ಬಿದ್ದರೆ ಚಿಗುರುತ್ತದೆ.

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ, ಕೈತೋಟಕ್ಕೆ ಕುಡಿಯುವ ನೀರು ಹಾಕಿದರೆ 5,000 ರೂಪಾಯಿ ದಂಡ ಅಂದಿತು. ಹಾಗಾಗಿ ಎಸ್‌ಟಿಪಿ ನೀರೇ (ಶುದ್ಧೀಕರಿಸಿದ ಕೊಳಚೆ ನೀರು) ಗತಿ, ಅದೇ ಸರಿ ಕೂಡ. ಆದರೆ ಆ ನೀರಿನಲ್ಲಿ ಸಾರಜನಕ, ರಂಜಕ ಆಗಲೇ ಇರುತ್ತವೆ. ಲ್ಯಾಬ್ ರಿಪೋರ್ಟ್ ನೋಡಿ ಗೊಬ್ಬರದಲ್ಲಿ ಅಷ್ಟನ್ನು ಕಳೆಯಬೇಕು. ಹಳೇ ಲೆಕ್ಕದಲ್ಲೇ ಯೂರಿಯಾ ಹಾಕಿದರೆ ಜೋರು ಮಳೆಗೆ ಅದು ಕೊಳಕ್ಕೆ ಇಳಿದು ಪಾಚಿ ಕಟ್ಟುತ್ತದೆ. ರಾತ್ರಿಯೆಲ್ಲ ಆ ಪಾಚಿ ಆಮ್ಲಜನಕ ಎಳೆದುಕೊಂಡು, ಬೆಳಗಿನ ಜಾವಕ್ಕೆ ಮೀನುಗಳು ಸತ್ತು ತೇಲುತ್ತವೆ. ಕೊಳದ ಸುತ್ತ 10-15 ಅಡಿ ಮಷಿನ್ ಓಡಿಸದೆ ಬಿಡಿ. ಅಲ್ಲಿ ಬೆಳೆದ ಹುಲ್ಲು, ಜೊಂಡು ಹರಿದು ಬರುವ ಗೊಬ್ಬರವನ್ನು ತಡೆಯುತ್ತವೆ. ಹುಂಡುಕೋಳಿಗೂ ಮರೆ ಸಿಗುತ್ತದೆ.

ಇನ್ನು ಔಷಧಿ. ಹುಲ್ಲು ಅಲ್ಲಲ್ಲಿ ಹಳದಿಯಾದರೆ ಸಾಕು, ಸ್ಪ್ರೇಯರ್ ಹೊರಗೆ ಬರುತ್ತದೆ. ಅದಕ್ಕೆ ಮುಂಚೆ ಮೂರು ನಾಲ್ಕು ಕಡೆ ಒಂದೊಂದು ಚದರ ಅಡಿ ಹುಲ್ಲನ್ನು ಮೂರು ಬದಿ ಕತ್ತರಿಸಿ, ಚಾಪೆ ಸುತ್ತಿದ ಹಾಗೆ ಹಿಂದಕ್ಕೆ ಮಡಚಿ ನೋಡಿ. ಬೇರಿನ ಕೆಳಗೆ ಬಿಳಿ ಗೊಣ್ಣೆಹುಳುಗಳನ್ನು ಎಣಿಸಿ. ಒಂದು ಚದರ ಅಡಿಗೆ ಐದಕ್ಕಿಂತ ಕಡಿಮೆ ಇದ್ದರೆ ಆರೋಗ್ಯವಾಗಿರುವ ಹುಲ್ಲು ತಡೆದುಕೊಳ್ಳುತ್ತದೆ. ಮಿಕ್ಕದ್ದನ್ನು ಗೊರವಂಕ, ಬೆಳ್ಳಕ್ಕಿಗಳು ನೋಡಿಕೊಳ್ಳುತ್ತವೆ. ನೀವು ವಿಷ ಹೊಡೆದರೆ ಅವು ತಿನ್ನುವುದೂ ವಿಷವನ್ನೇ ಅಲ್ವಾ?

ಹಕ್ಕಿಗಳಲ್ಲಿ ನನಗೆ ಜಾಸ್ತಿ ಚಿಂತೆ ಟಿಟ್ಟಿಭದ್ದು. ಅದು ಗೂಡು ಕಟ್ಟುವುದಿಲ್ಲ. ಬಂಕರ್ (ಮರಳುಗುಂಡಿ) ಅಂಚಿನಲ್ಲೋ ಗಾಡಿ ದಾರಿ ಪಕ್ಕದ ಜಲ್ಲಿಯಲ್ಲೋ ಚಿಕ್ಕ ತಗ್ಗು ಮಾಡಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತದೆ. ಮಣ್ಣಿನ ಬಣ್ಣ, ಮೇಲೆ ಕಪ್ಪು ಮಚ್ಚೆ. ಎರಡು ಹೆಜ್ಜೆ ದೂರದಲ್ಲಿ ನಿಂತರೂ ಕಲ್ಲು ಯಾವುದು ಮೊಟ್ಟೆ ಯಾವುದು ತಿಳಿಯುವುದಿಲ್ಲ. ಬಿಸಿಲು ಏರಿದರೆ ತಾಯಿಹಕ್ಕಿ ಕೊಳಕ್ಕೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಕೂರುತ್ತದೆ. ಮರಿಯಾಗಲು ನಾಲ್ಕು ವಾರ ಬೇಕು. ಅಷ್ಟು ದಿನ ಆ ಜಾಗಕ್ಕೆ ಹಗ್ಗ ಕಟ್ಟಿ ‘ನೋ ಪ್ಲೇ ಝೋನ್’ ಅಂತ ಘೋಷಿಸಿ. 2019ರಿಂದ ಗಾಲ್ಫ್ ನಿಯಮದಲ್ಲೇ ಇದಕ್ಕೆ ಅವಕಾಶವಿದೆ. ಚೆಂಡು ಒಳಗೆ ಬಿದ್ದರೆ ಅಲ್ಲಿಂದ ಹೊಡೆಯುವಂತಿಲ್ಲ. ದಂಡವಿಲ್ಲದೆ ಹೊರಗಿನಿಂದ ಆಡಲು ಬಿಡಬಹುದು. ಯಾರ ಸ್ಕೋರೂ ಕೆಡುವುದಿಲ್ಲ.

ಹುಲ್ಲು ಉದ್ದ ಬಿಟ್ಟರೆ ಚೆಂಡು ಕಳೆಯುತ್ತೆ, ಆಟ ನಿಧಾನವಾಗುತ್ತೆ ಅನ್ನುವ ದೂರು ನ್ಯಾಯವಾದದ್ದೇ. ಅದಕ್ಕೇ ಆಫೀಸಿನಲ್ಲಿ ಕೂತು ನಕ್ಷೆ ಮೇಲೆ ಗೆರೆ ಎಳೆಯಬೇಡಿ. ಆಟಗಾರರ ಬ್ಯಾಗ್ ಹೊರುವ ಕ್ಯಾಡಿಗಳನ್ನು ಕೇಳಿ. ಯಾವ ಹೋಲ್‌ನಲ್ಲಿ ಚೆಂಡು ಎಲ್ಲಿ ಬೀಳುತ್ತದೆ, ಎಲ್ಲಿ ಬೀಳುವುದೇ ಇಲ್ಲ ಅನ್ನುವುದು ಅವರಿಗೆ ಬಾಯಿಪಾಠ. ಟೀ (ಮೊದಲ ಹೊಡೆತದ ಜಾಗ) ಮುಂದಿನ 50 ಗಜ, ಬೇಲಿಯ ಬದಿ, ಮರದ ಗುಂಪುಗಳ ಅಡಿ ಮೊದಲ ವರ್ಷಕ್ಕೆ ಸಾಕು. ಒಮ್ಮೆಲೇ 20 ಎಕರೆ ಬಿಟ್ಟರೆ ಮುಂದಿನ ಕಮಿಟಿ ಮೀಟಿಂಗ್ ಮುಗಿಯುವ ಹೊತ್ತಿಗೆ ಮಷಿನ್ ಓಡುತ್ತಿರುತ್ತದೆ.

ಬಿಟ್ಟ ಜಾಗಕ್ಕೂ ಕೆಲಸ ಇದೆ. ಲಂಟಾನ, ಪಾರ್ಥೇನಿಯಂ ಹೂ ಬಿಡುವ ಮುಂಚೆ ಕೀಳಿಸಬೇಕು. ಬೇಸಿಗೆಯಲ್ಲಿ ಬೆಂಕಿ ಭಯ ಇರುವುದರಿಂದ ಬೀಜ ಉದುರಿದ ಮೇಲೆ, ಜನವರಿ ಸುಮಾರಿಗೆ, ರಸ್ತೆ ಮತ್ತು ಬೇಲಿ ಪಕ್ಕದ ಪಟ್ಟಿಯನ್ನು ಪ್ರತಿವರ್ಷ ಸವರಿ. ಒಳಗಿನದನ್ನು ಈ ವರ್ಷ ಅರ್ಧ, ಮುಂದಿನ ವರ್ಷ ಇನ್ನರ್ಧ. ಕೇರೆ ಹಾವು, ಮುಂಗುಸಿಗಳಿಗೆ ಆಗ ಸರಿದುಕೊಳ್ಳಲು ಜಾಗ ಇರುತ್ತದೆ. ಕೊಯ್ದ ಹುಲ್ಲು ಕಾಂಪೋಸ್ಟ್ ಗುಂಡಿಗೆ ಹೋಗಲಿ, ಸುಡಬೇಡಿ.