ಓದುಗರ ಪ್ರಶ್ನೆ: ಮೆಟಾಲಿಕಾದ 'ಸೇಂಟ್ ಆಂಗರ್' ನಿಜಕ್ಕೂ ಅಷ್ಟು ಕೆಟ್ಟದಾ?

ಪ್ರಶ್ನೆ: ನಾನು ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾ ಕೇಳೋಕೆ ಶುರು ಮಾಡಿದ್ದು ಈಚೆಗೆ. ಹಳೆಯ ಆಲ್ಬಂಗಳೆಲ್ಲ ತುಂಬಾ ಹಿಡಿಸಿದವು. ಆದರೆ 2003ರ 'ಸೇಂಟ್ ಆಂಗರ್' ವಿಷಯ ಎತ್ತಿದರೆ ಒಬ್ಬ ಗೆಳೆಯ 'ಅದರ ತಂಟೆಗೇ ಹೋಗಬೇಡ' ಅಂತಾನೆ. ಇನ್ನೊಬ್ಬ 'ಅವರು ಮನಸ್ಸು ಬಿಚ್ಚಿ ಮಾಡಿದ್ದು ಅದೊಂದೇ' ಅಂತಾನೆ. ಒಂದೇ ಆಲ್ಬಂ ಬಗ್ಗೆ ಇಷ್ಟು ಬೇರೆ ಬೇರೆ ಮಾತು ಯಾಕೆ? ಕೇಳಬೇಕಾ, ಬಿಡಬೇಕಾ?

ಉತ್ತರ: ಕೇಳಿ. ಆದರೆ ಅದಕ್ಕೂ ಮೊದಲು ಒಂದು ಡ್ರಮ್ಮಿನ ಕತೆ ತಿಳಿದುಕೊಳ್ಳಿ. ಈ ಆಲ್ಬಂ ಬಗೆಗಿನ ಅರ್ಧ ಜಗಳ ಅಲ್ಲೇ ಇದೆ.

ರಾಕ್ ಸಂಗೀತದಲ್ಲಿ ತಾಳದ ಬೆನ್ನೆಲುಬು ಸ್ನೇರ್ ಡ್ರಮ್. ಡ್ರಮ್ಮರ್ ತನ್ನ ಎರಡು ಮೊಣಕಾಲಿನ ನಡುವೆ ಇಟ್ಟುಕೊಳ್ಳುವ ಚಿಕ್ಕ ಡ್ರಮ್ ಅದು. ಅದರ ತಳದ ಹೊದಿಕೆಗೆ ತಾಗಿಕೊಂಡು ಸುರುಳಿ ಸುರುಳಿಯಾದ ತೆಳು ತಂತಿಗಳ ಒಂದು ಪಟ್ಟಿ ಇರುತ್ತದೆ. ಮೇಲೆ ಕೋಲು ಬಿದ್ದಾಗ ತಳ ಅದುರಿ, ಆ ತಂತಿಗಳು ಅದಕ್ಕೆ ಬಡಿದು 'ಚಟ್' ಅನ್ನುವ ಗರಿಗರಿ ಸದ್ದು ಹುಟ್ಟುತ್ತದೆ. ತಂಬೂರಿಯ ತಂತಿ ಕೆಳಗೆ ಒಂದು ಎಳೆ ದಾರ ಇಡುತ್ತಾರಲ್ವಾ, ಜೀವಾಳ ಅಂತ? ಹೆಚ್ಚುಕಡಿಮೆ ಆ ದಾರದ ಕೆಲಸವನ್ನೇ ಇಲ್ಲಿ ಈ ತಂತಿಗಳು ಮಾಡುತ್ತವೆ. ಡ್ರಮ್ಮಿನ ಪಕ್ಕದಲ್ಲಿ ಒಂದು ಚಿಕ್ಕ ಹಿಡಿ ಇದೆ. ಅದನ್ನು ಸಡಿಲಿಸಿದರೆ ತಂತಿಗಳು ತಳದಿಂದ ಬಿಟ್ಟುಕೊಳ್ಳುತ್ತವೆ. ಆಗ ಸ್ನೇರ್‌ನಿಂದ 'ಚಟ್' ಬರೋದಿಲ್ಲ. ಖಾಲಿ ಕೊಳಗಕ್ಕೆ ಸೌಟಿನಿಂದ ಹೊಡೆದ ಹಾಗೆ 'ಠಣ್' ಅಂತ ಬರುತ್ತದೆ, ಗುಂಯ್ ಅಂತ ಎಳೆಯುತ್ತದೆ.

'ಸೇಂಟ್ ಆಂಗರ್' ಉದ್ದಕ್ಕೂ ಕೇಳುವುದು ಆ 'ಠಣ್'. ಒಂದು ದಿನ ತಂತಿ ಬಿಗಿಸೋದನ್ನು ಮರೆತು ನುಡಿಸಿದ್ದಾಗಿ ಡ್ರಮ್ಮರ್ ಲಾರ್ಸ್ ಉಲ್ರಿಚ್ ಹೇಳಿದ್ದಾರೆ. ಆಮೇಲೆ ರೆಕಾರ್ಡಿಂಗ್ ಹಾಕಿ ಕೇಳಿದರೆ ಆ ಸದ್ದು ಇಷ್ಟವಾಯಿತಂತೆ. ಹಾಗೇ ಇಟ್ಟುಕೊಂಡರು. ಅಂದರೆ ಮೊದಲ ದಿನದ ಮರೆವನ್ನು ಆಮೇಲೆ ಗೊತ್ತಿದ್ದೇ ಉಳಿಸಿಕೊಂಡರು. ಒಂದು ಹಾಡಿಗೆ ಹಾಗಾದರೆ ಕಿವಿ ಒಗ್ಗಿಕೊಳ್ಳುತ್ತದೆ. ಇಲ್ಲಿ 11 ಹಾಡು, ಒಟ್ಟು 75 ನಿಮಿಷ. ಮೊದಲ ಸಲ ಹೆಡ್‌ಫೋನ್ ಹಾಕಿಕೊಂಡು ಕೇಳಿದಾಗ ನನಗೆ ಮೂರನೇ ಹಾಡಿಗೇ ತಲೆ ಸಿಡಿಯೋಕೆ ಶುರುವಾಗಿತ್ತು.

ಎರಡನೇ ದೂರು ಗಿಟಾರ್ ಸೋಲೋ, ಅಂದರೆ ಹಾಡುವುದು ನಿಂತು ಗಿಟಾರ್ ಒಂದೇ ಮುಂದೆ ಬಂದು ನುಡಿಯುವ ಭಾಗ. ಈ ಬ್ಯಾಂಡ್ ಕೇಳುವವರು ಹಾಡಿನ ನಡುವೆ ಗಿಟಾರ್ ವಾದಕ ಕರ್ಕ್ ಹ್ಯಾಮೆಟ್ ಸೋಲೋ ಯಾವಾಗ ಬರುತ್ತದೆ ಅಂತ ಕಾದು ಕೂರುತ್ತಾರೆ. ಈ ಆಲ್ಬಂನಲ್ಲಿ ಅದು ಒಂದೂ ಇಲ್ಲ. ಆಗ ನಡೆಯುತ್ತಿದ್ದದ್ದು ನೂ ಮೆಟಲ್ (ಮೆಟಲ್‌ಗೆ ಹಿಪ್‌ಹಾಪ್ ಬೆರೆಸಿದ ಶೈಲಿ) ಕಾಲ, ಸೋಲೋ ಅಂದರೆ ಹಳೇ ಕಾಲದ್ದು ಅನ್ನುವ ಗಾಳಿ ಬೀಸುತ್ತಿತ್ತು. ಆಲ್ಬಂ ತಯಾರಾಗುವುದನ್ನೇ ಚಿತ್ರಿಸಿದ 'ಸಮ್ ಕೈಂಡ್ ಆಫ್ ಮಾನ್‌ಸ್ಟರ್' (2004) ಸಾಕ್ಷ್ಯಚಿತ್ರದಲ್ಲಿ ಈ ಬಗ್ಗೆ ವಾದ ನಡೆಯುತ್ತದೆ. ಸೋಲೋ ತೆಗೆದುಹಾಕಿದರೆ ಅದೇ ಈ ಆಲ್ಬಂಗೆ ಈ ಹೊತ್ತಿನ ಮುದ್ರೆ ಒತ್ತಿಬಿಡುತ್ತದೆ ಅನ್ನುವುದು ಹ್ಯಾಮೆಟ್ ಮಾತು. ಅವರ ಮಾತು ಯಾರೂ ಕೇಳಲಿಲ್ಲ. ಇವತ್ತು ಹಿಂದಿರುಗಿ ನೋಡಿದರೆ ಹ್ಯಾಮೆಟ್ ಹೇಳಿದ್ದೇ ಸರಿ ಅನ್ನಿಸುತ್ತದೆ.

ಇನ್ನು ಆ ಹೊತ್ತಿಗೆ ಬ್ಯಾಂಡ್ ಹೇಗಿತ್ತು ಅನ್ನುವುದನ್ನು ಹೇಳದೆ ಈ ಸದ್ದು ಅರ್ಥವಾಗೋದಿಲ್ಲ. 14 ವರ್ಷ ಬೇಸ್ (ತಗ್ಗಿನ ಸ್ವರದ ಗಿಟಾರ್) ನುಡಿಸಿದ್ದ ಜೇಸನ್ ನ್ಯೂಸ್ಟೆಡ್ 2001ರ ಜನವರಿಯಲ್ಲಿ ಬಿಟ್ಟು ಹೋದರು. ಪಕ್ಕದಲ್ಲಿ ಇನ್ನೊಂದು ಬ್ಯಾಂಡ್ ಮಾಡಿಕೊಳ್ಳುತ್ತೇನೆ ಅಂದಿದ್ದಕ್ಕೆ ಹಾಡುಗಾರ ಜೇಮ್ಸ್ ಹೆಟ್‌ಫೀಲ್ಡ್ ಒಪ್ಪಿರಲಿಲ್ಲ. ಉಳಿದವರು ಸ್ಯಾನ್ ಫ್ರಾನ್ಸಿಸ್ಕೋದ ಹಳೆಯ ಸೇನಾ ನೆಲೆ ಪ್ರೆಸಿಡಿಯೋದಲ್ಲಿ ರೆಕಾರ್ಡಿಂಗ್ ಶುರು ಮಾಡಿದರು. ಕೆಲವೇ ತಿಂಗಳಲ್ಲಿ ಹೆಟ್‌ಫೀಲ್ಡ್ ಕುಡಿತ ಬಿಡಲು ಚಿಕಿತ್ಸೆಗೆ ಸೇರಿದರು. ಕೆಲಸ ನಿಂತೇ ಹೋಯಿತು. ಮರಳಿ ಬಂದಾಗ ಅವರದ್ದೊಂದು ಶರತ್ತು: ದಿನಕ್ಕೆ ಮಧ್ಯಾಹ್ನ 12ರಿಂದ 4ರವರೆಗೆ ಮಾತ್ರ ಕೆಲಸ. ಬೇಸ್ ನುಡಿಸುವವರೇ ಇಲ್ಲದ್ದರಿಂದ ನಿರ್ಮಾಪಕ ಬಾಬ್ ರಾಕ್ ಅವರೇ ಬೇಸ್ ಹಿಡಿದರು. ಸದಸ್ಯರ ನಡುವೆ ಮಾತು ಮೂಡಿಸಲು ಒಬ್ಬ ಸಲಹೆಗಾರರನ್ನು ಇಟ್ಟುಕೊಂಡರು, ಸಂಬಳ ತಿಂಗಳಿಗೆ 40,000 ಡಾಲರ್. ಮೊದಲೆಲ್ಲ ಹೆಟ್‌ಫೀಲ್ಡ್ ಒಬ್ಬರೇ ಬರೆಯುತ್ತಿದ್ದ ಸಾಹಿತ್ಯವನ್ನು ಈ ಸಲ ಎಲ್ಲರೂ ಕೂತು ಬರೆದರು. ಸ್ಟುಡಿಯೋದಲ್ಲಿ ಸುಮ್ನೆ ನುಡಿಸಿದ ತುಣುಕುಗಳನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ, ಅಂಟಿಸಿ ಹಾಡು ಮಾಡಿದರು. ಹಾಡುಗಳು ಏಳು ಎಂಟು ನಿಮಿಷ ಎಳೆಯೋದಕ್ಕೆ ಅದೇ ಕಾರಣ ಅಂತ ನನಗನ್ನಿಸುತ್ತದೆ. ಯಾವುದನ್ನು ಬಿಡಬೇಕು ಅಂತ ಗಟ್ಟಿಯಾಗಿ ಹೇಳುವ ಸ್ಥಿತಿಯಲ್ಲಿ ಆ ಕೋಣೆಯಲ್ಲಿ ಯಾರೂ ಇರಲಿಲ್ಲ.

2003ರ ಜೂನ್‌ನಲ್ಲಿ ಆಲ್ಬಂ ಬಂತು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನೇರ ಮೊದಲ ಸ್ಥಾನ. ರೋಲಿಂಗ್ ಸ್ಟೋನ್ ಪತ್ರಿಕೆ ಐದಕ್ಕೆ ನಾಲ್ಕು ನಕ್ಷತ್ರ ಕೊಟ್ಟಿತು. ಸಂಗೀತ ವಿಮರ್ಶೆಯ ಜಾಲತಾಣ ಪಿಚ್‌ಫೋರ್ಕ್ ಹತ್ತಕ್ಕೆ ಕೊಟ್ಟಿದ್ದು 0.8. ಮರುವರ್ಷ ಶೀರ್ಷಿಕೆ ಹಾಡಿಗೆ ಗ್ರ್ಯಾಮಿ ಬಂತು. ಅಂಗಡಿಯಲ್ಲಿ ಸಾಲು ನಿಂತು ಕೊಂಡ ಅಭಿಮಾನಿಗಳೇ ಮನೆಗೆ ಹೋಗಿ ಬೈದರು. ನಿಮ್ಮ ಇಬ್ಬರು ಗೆಳೆಯರ ಜಗಳ ಮೊದಲ ವಾರದಿಂದಲೇ ಇದೆ.

ನಿಮ್ಮ ಎರಡನೇ ಗೆಳೆಯನ ಪರವಾಗಿಯೂ ಹೇಳಬೇಕು. ಮುರಿದು ಬೀಳುತ್ತಿರುವ ಬ್ಯಾಂಡ್ ಒಂದು ಚೊಕ್ಕ ಆಲ್ಬಂ ಮಾಡಿ ಕೊಟ್ಟಿದ್ದರೆ ಅದು ಸುಳ್ಳಾಗುತ್ತಿತ್ತು. ಗ್ಯಾರೇಜಿನಲ್ಲಿ ಮೊದಲ ಸಲ ಕೂಡಿ ನುಡಿಸುವ ಹುಡುಗರ ಹಾಗೆ ಕೇಳಬೇಕು ಅನ್ನುವುದು ಬಾಬ್ ರಾಕ್ ಆಸೆಯಾಗಿತ್ತು. 1991ರ ಕಪ್ಪು ಹೊದಿಕೆಯ ಆಲ್ಬಂನಲ್ಲಿ ಒಂದೊಂದು ಏಟನ್ನೂ ತಿದ್ದಿ ತೀಡಿದ್ದು ಇದೇ ಬಾಬ್ ರಾಕ್. ಈ ಸಲ ತಿದ್ದದೆ ಬಿಟ್ಟರು. ಹೆಟ್‌ಫೀಲ್ಡ್ ದನಿ ಅಲ್ಲಲ್ಲಿ ಶ್ರುತಿ ತಪ್ಪುತ್ತದೆ, ಅದೂ ಹಾಗೇ ಉಳಿಯಿತು. ಚಟದಿಂದ ಹೊರಬರಲು ಒದ್ದಾಡುತ್ತಿರುವ ಮನುಷ್ಯನ ದನಿ ಅದು. ಅಂಥ ಹೊತ್ತನ್ನು ಹತ್ತಿರದಿಂದ ಕಂಡವರಿಗೆ ಈ ಆಲ್ಬಂ ಯಾಕೆ ಬೇಕಾಗುತ್ತದೆ ಅಂತ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಒಳ್ಳೆಯ ಹಾಡು ಬೇಕು ಅಂತ ಬಂದವರಿಗೆ ನಿರಾಸೆ. ಆ ಬ್ಯಾಂಡಿಗೆ ಏನಾಗಿತ್ತು ಅಂತ ತಿಳಿಯಬೇಕು ಅಂತ ಬಂದವರಿಗೆ ಎಲ್ಲವೂ ಸಿಗುತ್ತದೆ. ಇಬ್ಬರೂ ಕೇಳಿಸಿಕೊಳ್ಳುತ್ತಿರುವುದು ಅದೇ 'ಠಣ್'.

ಅಂದಹಾಗೆ, ಈ ಬ್ಯಾಂಡಿಗೆ ಇದು ಹೊಸದೇನೂ ಅಲ್ಲ. 1988ರ ಆಲ್ಬಂನಲ್ಲಿ ಬೇಸ್ ಕೇಳಿಸೋದೇ ಇಲ್ಲ ಅಂತ ಜಗಳ. 1991ರಲ್ಲಿ ಹಾಡು ಚಿಕ್ಕದಾಯ್ತು, ದುಡ್ಡಿಗೆ ಮಾರಿಕೊಂಡರು ಅಂತ ಜಗಳ. 1996ರಲ್ಲಿ ಕೂದಲು ಕತ್ತರಿಸಿಕೊಂಡಿದ್ದಕ್ಕೂ ಜಗಳ. 2011ರ ಅಕ್ಟೋಬರ್ 30ಕ್ಕೆ ಬೆಂಗಳೂರಿನ ಅರಮನೆ ಮೈದಾನದಲ್ಲಿ ಇವರು ನುಡಿಸಿದ್ದು ನೆನಪಿದೆಯಾ? ಅದರ ಮಾರನೇ ದಿನವೇ ಹಲವು ದೇಶಗಳಲ್ಲಿ ರಾಕ್ ಗಾಯಕ ಲೂ ರೀಡ್ ಜೊತೆ ಮಾಡಿದ 'ಲುಲು' ಹೊರಬಂತು. ಅದಕ್ಕೆ ಬಿದ್ದ ಬೈಗುಳ 'ಸೇಂಟ್ ಆಂಗರ್'ಗೆ ಬಿದ್ದಿದ್ದಕ್ಕಿಂತ ಕಡಿಮೆ ಏನಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಡ್ರಮ್ ಸದ್ದನ್ನು ನಾನು ಕ್ಷಮಿಸುತ್ತೇನೆ. ಉದ್ದವನ್ನು ಕ್ಷಮಿಸೋಕೆ ಆಗೋದಿಲ್ಲ. ಇದೇ ಹಾಡುಗಳನ್ನು 45 ನಿಮಿಷಕ್ಕೆ ಇಳಿಸಿದ್ದರೆ ಜಗಳ ಇಷ್ಟು ವರ್ಷ ನಡೆಯುತ್ತಿರಲಿಲ್ಲ. ಉಲ್ರಿಚ್ ಇವತ್ತಿಗೂ ಆ ಸದ್ದನ್ನು ಬಿಟ್ಟುಕೊಡೋದಿಲ್ಲ. ಆ ತಗಡಿನ ಸದ್ದು ಸ್ವಲ್ಪ ಕಡಿಮೆ ಇರಬಹುದಿತ್ತು ಅಂತ ಹೆಟ್‌ಫೀಲ್ಡ್ ಆಮೇಲೆ ಒಪ್ಪಿಕೊಂಡರು, ಆದರೂ ಈಗ ಅದನ್ನು ತಿದ್ದಲು ಅವರಿಗೆ ಮನಸ್ಸಿಲ್ಲ. ಅಭಿಮಾನಿಗಳು ಸುಮ್ಮನೆ ಬಿಡಲಿಲ್ಲ. ಕೆಲವರು ಸೇರಿ ಇಡೀ ಆಲ್ಬಂ ಅನ್ನು ಮಾಮೂಲಿ ಸ್ನೇರ್ ಇಟ್ಟು ಮೊದಲಿಂದ ನುಡಿಸಿ ಯೂಟ್ಯೂಬಿಗೆ ಹಾಕಿದ್ದಾರೆ. ಅಷ್ಟು ಬೈದವರೇ ಅಷ್ಟು ಶ್ರಮ ಪಟ್ಟಿದ್ದಾರೆ ಅಂದರೆ ಒಳಗೆ ಹಾಡು ಇದೆ ಅಂತ ಅವರಿಗೂ ಗೊತ್ತಿತ್ತು ಅಲ್ವಾ?

ಹೀಗೆ ಕೇಳಿ ನೋಡಿ. ಮೊದಲ ದಿನವೇ 75 ನಿಮಿಷ ಕೂರಬೇಡಿ. 'ಫ್ರ್ಯಾಂಟಿಕ್' ಮತ್ತು 'ಡರ್ಟಿ ವಿಂಡೋ' ಎರಡನ್ನೇ ಕೇಳಿ, ಬಿಟ್ಟುಬಿಡಿ. ಇಂಥ ಆಲ್ಬಂ ಮಟ್ಟಿಗೆ ಎರಡೂ ಚಿಕ್ಕವು. ಹೊಸ ಬೇಸ್ ವಾದಕ ರಾಬರ್ಟ್ ಟ್ರುಹಿಯೋ ಸೇರಿದ ಮೇಲೆ ಎಲ್ಲ ಹಾಡುಗಳನ್ನೂ ಸ್ಟುಡಿಯೋದಲ್ಲಿ ನುಡಿಸಿದ ವಿಡಿಯೋ ಆಗ ಆಲ್ಬಂ ಜೊತೆಗೇ ಡಿವಿಡಿಯಲ್ಲಿ ಬಂದಿತ್ತು. ಅದು ಸಿಕ್ಕರೆ ನೋಡಿ. ನಾಲ್ಕು ಜನ ಮುಖ ಮುಖ ನೋಡಿಕೊಂಡು ನುಡಿಸುವಾಗ ಅದೇ ಹಾಡುಗಳಿಗೆ ಬೇರೆಯೇ ಉಸಿರು ಬರುತ್ತದೆ.

ಕೊನೆಗೆ 'ಆಲ್ ವಿದಿನ್ ಮೈ ಹ್ಯಾಂಡ್ಸ್'. ಆಲ್ಬಂನ ಕೊನೆಯ ಹಾಡು ಇದು. 2017ರಲ್ಲಿ ಬ್ಯಾಂಡ್ ಶುರು ಮಾಡಿದ ದತ್ತಿ ಸಂಸ್ಥೆಗೂ ಇದೇ ಹೆಸರು. 2019ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸಿಂಫನಿ ವಾದ್ಯವೃಂದದ ಜೊತೆ ಇದನ್ನು ಅಕೂಸ್ಟಿಕ್ ಗಿಟಾರಿನಲ್ಲಿ ನುಡಿಸಿದರು. ಅದನ್ನು ಮೊದಲು ಕೇಳಿ. ಹಾಡಿನ ರಾಗ ಎಷ್ಟು ಚೆನ್ನಾಗಿದೆ ಅಂತ ಗೊತ್ತಾಗುತ್ತದೆ. ಆಮೇಲೆ 2003ರದ್ದನ್ನು ಹಾಕಿ. ಕೊನೆಯ ನಿಮಿಷದಲ್ಲಿ ಹೆಟ್‌ಫೀಲ್ಡ್ ಗಂಟಲು ಹರಿಯುವ ಹಾಗೆ ಒಂದೇ ಪದವನ್ನು ಮತ್ತೆ ಮತ್ತೆ ಕಿರುಚುತ್ತಾರೆ, ಹಿಂದೆ ಆ ಕೊಳಗದ ಸದ್ದು ಬಡಿಯುತ್ತಲೇ ಇರುತ್ತದೆ. ನಿಮಗೆ ಯಾವುದು ಹಿಡಿಸಿತು ಅಂತ ಬರೆದು ತಿಳಿಸಿ. ನಿಮ್ಮ ಇಬ್ಬರು ಗೆಳೆಯರಲ್ಲಿ ಯಾರ ಪಕ್ಕ ಕೂರುತ್ತೀರಿ ಅನ್ನೋ ಕುತೂಹಲ ನನಗಿದೆ.