ಥರ್ಮೋಕಪಲ್‌ನ ತುದಿ ಮಾತ್ರ ನೋಡಿದರೆ ಸಾಲದು

ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಕಡೆಯ ಒಂದು ಸಣ್ಣ ಹೀಟ್ ಟ್ರೀಟ್‌ಮೆಂಟ್ ಶೆಡ್‌ನಿಂದ ಒಮ್ಮೆ ಫೋನ್ ಬಂತು. ಹಾರ್ಡನಿಂಗ್ ಆದ, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗೇರ್‌ಗಳು ಡೊಂಕಾಗುತ್ತಿವೆ ಅಂತ. ಹೋಗಿ ನೋಡಿದರೆ ಪ್ಯಾನೆಲ್ ಮೇಲೆ 850 ಡಿಗ್ರಿ ಅಲುಗಾಡದೆ ನಿಂತಿದೆ. ಫರ್ನೇಸ್ ನೋಡಿಕೊಳ್ಳುವ ಹುಡುಗ, "ಥರ್ಮೋಕಪಲ್ ಹೋದ ವಾರ ಹೊಸದು ಹಾಕಿದ್ದೀವಿ ಸಾರ್, ಅದರಲ್ಲೇನೂ ತಪ್ಪಿಲ್ಲ" ಅಂದ.

ಅವನು ಹೇಳಿದ್ದು ನಿಜ. ಥರ್ಮೋಕಪಲ್, ಅಂದರೆ ಫರ್ನೇಸ್‌ನ ಬಿಸಿ ಅಳೆಯುವ ತಂತಿಜೋಡಿ, ಚೆನ್ನಾಗಿಯೇ ಇತ್ತು. ಫರ್ನೇಸ್‌ನ ಹೊರಗಿರುವ ಅದರ ತಲೆಯಿಂದ ಪ್ಯಾನೆಲ್‌ವರೆಗೆ ಎಳೆದಿದ್ದ ಕೇಬಲ್ ಮಾತ್ರ ಮಾಮೂಲಿ ತಾಮ್ರದ್ದು.

1821ರಲ್ಲಿ ಜರ್ಮನಿಯ ಥಾಮಸ್ ಸೀಬೆಕ್ ಕಂಡ ವಿಷಯವೇ ಇದರ ಬುಡ. ಬೇರೆ ಬೇರೆ ಲೋಹದ ಎರಡು ತಂತಿಗಳನ್ನು ಜೋಡಿಸಿ ಒಂದು ತುದಿ ಬಿಸಿ ಮಾಡಿದರೆ ವೋಲ್ಟೇಜ್ ಹುಟ್ಟುತ್ತದೆ. ಅದು ಬೆಸುಗೆಯ ತುದಿಯಲ್ಲೇ ಹುಟ್ಟುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ತಂತಿಯ ಉದ್ದಕ್ಕೂ ಎಲ್ಲೆಲ್ಲಿ ಬಿಸಿ ಇಳಿಯುತ್ತದೋ ಅಲ್ಲೆಲ್ಲ ಸ್ವಲ್ಪ ಸ್ವಲ್ಪವೇ ಹುಟ್ಟುತ್ತದೆ. ಕೆ ಟೈಪ್‌ನಲ್ಲಿ, ಅಂದರೆ ಕ್ರೋಮೆಲ್ ಮತ್ತು ಅಲ್ಯುಮೆಲ್ ಎಂಬ ಎರಡು ಮಿಶ್ರಲೋಹಗಳ ಜೋಡಿಯಲ್ಲಿ, ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್ ಸಿಗುತ್ತದೆ. ಮೀಟರ್ ತನ್ನ ಟರ್ಮಿನಲ್ ಹತ್ತಿರದ ಬಿಸಿ ಎಷ್ಟು ಅಂತ ನೋಡಿ, ಅದನ್ನು ಸೇರಿಸಿ ರೀಡಿಂಗ್ ಕೊಡುತ್ತದೆ.

ಆ ಶೆಡ್‌ನಲ್ಲಿ ಥರ್ಮೋಕಪಲ್ ತಲೆಯ ಹತ್ತಿರ 70 ಡಿಗ್ರಿ ಇತ್ತು, ಪ್ಯಾನೆಲ್ ಹತ್ತಿರ 32. ನಡುವೆ ಇದ್ದ ಎರಡೂ ತಂತಿ ತಾಮ್ರದ್ದೇ ಆದ್ದರಿಂದ ಆ 38 ಡಿಗ್ರಿಯ ವೋಲ್ಟೇಜ್ ಹುಟ್ಟಲೇ ಇಲ್ಲ. ಮೀಟರ್ ಅಷ್ಟು ಕಡಿಮೆ ತೋರಿಸಿತು, ಕಂಟ್ರೋಲರ್ ಅಷ್ಟು ಜಾಸ್ತಿ ಬಿಸಿ ಮಾಡಿತು. ಗೇರ್‌ಗಳು ಬೆಂದದ್ದು 850ರಲ್ಲಲ್ಲ, 888ರ ಆಸುಪಾಸಿನಲ್ಲಿ! ಕೆ ಟೈಪ್‌ಗೆ ಕೆ ಟೈಪ್‌ನದೇ ಕಾಂಪೆನ್ಸೇಟಿಂಗ್ ಕೇಬಲ್, ಅಂದರೆ ಥರ್ಮೋಕಪಲ್ ತಂತಿಯಷ್ಟೇ ವೋಲ್ಟೇಜ್ ಕೊಡುವ ಕೇಬಲ್ ಹಾಕಿ. ನಡುವಿನ ಕನೆಕ್ಟರ್ ಕೂಡ ಅದೇ ಜಾತಿಯದ್ದಿರಲಿ.

ಇದಕ್ಕಿಂತ ಕಳ್ಳ ತಪ್ಪು ಇನ್ನೊಂದಿದೆ. ಕೇಬಲ್ ಸರಿಯಾದದ್ದೇ, ಆದರೆ ಎರಡೂ ಕಡೆ ಪ್ಲಸ್ ಮೈನಸ್ ಅದಲುಬದಲು. ಒಂದೇ ಕಡೆ ತಿರುಗಿದ್ದರೆ ಬಿಸಿ ಏರಿದಂತೆ ರೀಡಿಂಗ್ ಇಳಿಯುತ್ತದೆ, ತಕ್ಷಣ ಗೊತ್ತಾಗುತ್ತದೆ. ಎರಡೂ ಕಡೆ ತಿರುಗಿದ್ದರೆ ರೀಡಿಂಗ್ ಸರಿಯಾಗಿಯೇ ಏರುತ್ತದೆ, ಯಾರಿಗೂ ಅನುಮಾನ ಬರಲ್ಲ. ಆದರೆ ತಪ್ಪು ದುಪ್ಪಟ್ಟು, ಮೇಲಿನ ಲೆಕ್ಕದಲ್ಲಿ 76 ಡಿಗ್ರಿ. ಬಣ್ಣ ನಂಬಿ ಕೆಲಸ ಮಾಡುವವರು ಇಲ್ಲಿ ಸುಲಭವಾಗಿ ಬೀಳುತ್ತಾರೆ. ಅಮೆರಿಕದ ಪದ್ಧತಿಯಲ್ಲಿ ಕೆ ಟೈಪ್‌ಗೆ ಹಳದಿ ಪ್ಲಸ್, ಕೆಂಪು ಮೈನಸ್. ಐಇಸಿ ಅನ್ನುವ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಹಸಿರು ಪ್ಲಸ್, ಬಿಳಿ ಮೈನಸ್. ಕೆಂಪು ಅಂದರೆ ಪ್ಲಸ್ ಅಂತಲೇ ಎಲೆಕ್ಟ್ರಿಷಿಯನ್ ಕೈಗೆ ರೂಢಿ, ಅಲ್ವಾ? ನಾನು ಜೇಬಿನಲ್ಲಿ ಸಣ್ಣ ಮ್ಯಾಗ್ನೆಟ್ ಇಟ್ಟುಕೊಂಡಿರುತ್ತೇನೆ. ತಣ್ಣಗಿರುವ ಕೆ ಟೈಪ್ ಥರ್ಮೋಕಪಲ್‌ನಲ್ಲಿ ಮ್ಯಾಗ್ನೆಟ್‌ಗೆ ಅಂಟುವ ತಂತಿ ಅಲ್ಯುಮೆಲ್, ಅದೇ ಮೈನಸ್.

ತುದಿ ಎಲ್ಲಿದೆ ಅನ್ನುವುದೂ ಮುಖ್ಯ. ಹೀಟರ್ ಪಕ್ಕ ಇಟ್ಟರೆ ಹೀಟರ್‌ನ ಬಿಸಿ ಕಾಣುತ್ತದೆ, ಒಳಗಿಟ್ಟ ಗೇರ್‌ನದ್ದಲ್ಲ. ಥರ್ಮೋಕಪಲ್‌ನ ಹೊರಕೊಳವೆಯ ವ್ಯಾಸದ ಕನಿಷ್ಠ 10 ಪಟ್ಟು ಉದ್ದ ಒಳಗೆ ಹೋಗಿರಬೇಕು. ಇಲ್ಲದಿದ್ದರೆ ಕೊಳವೆಯೇ ಬಿಸಿಯನ್ನು ಹೊರಗೆ ಎಳೆದು ರೀಡಿಂಗ್ ಇಳಿಸುತ್ತದೆ. ಸಿಗ್ನಲ್ ಕೇಬಲನ್ನು ಹೀಟರ್‌ನ ಪವರ್ ಕೇಬಲ್ ಜೊತೆ ಕಟ್ಟಬೇಡಿ.

ಹಳೆಯದಾದ ಥರ್ಮೋಕಪಲ್ ಬಗ್ಗೆ ನನಗೆ ಹೆಚ್ಚಿನ ಚಿಂತೆ. ಆಮ್ಲಜನಕ ಕಡಿಮೆ ಇರುವ ಫರ್ನೇಸ್‌ನಲ್ಲಿ, ಸುಮಾರು 800ರಿಂದ 1050 ಡಿಗ್ರಿ ನಡುವೆ, ಕ್ರೋಮೆಲ್‌ನಲ್ಲಿರುವ ಕ್ರೋಮಿಯಂ ಮಾತ್ರ ತುಕ್ಕು ಹಿಡಿದು ಹಸಿರಾಗುತ್ತದೆ. ಆಮೇಲೆ ರೀಡಿಂಗ್ ಮೆಲ್ಲಗೆ ಕೆಳಗೆ ಜಾರುತ್ತದೆ. ಹೀಗೆ ಕೆಟ್ಟ ಥರ್ಮೋಕಪಲನ್ನು ಕಿತ್ತು, ಲ್ಯಾಬ್‌ನ ಬೇರೆ ಕುಲುಮೆಯಲ್ಲಿ ಇನ್ನೊಂದು ಆಳಕ್ಕೆ ಇಳಿಸಿ ಪರೀಕ್ಷಿಸಿದರೆ ಸರಿ ಇದೆ ಅಂತಲೂ ಬರಬಹುದು. ಕೆಟ್ಟ ಭಾಗ ಅಲ್ಲಿ ಬಿಸಿ ಇಳಿಯುವ ಜಾಗದಲ್ಲಿ ಬೀಳದೆ ಹೋಗಬಹುದಲ್ಲ! ಅದಕ್ಕೇ ನಾನು ಅದೇ ಫರ್ನೇಸ್‌ನಲ್ಲಿ, ಅದರ ಪಕ್ಕದಲ್ಲೇ ಪರೀಕ್ಷೆಯ ಥರ್ಮೋಕಪಲ್ ಇಳಿಸಿ ಹೋಲಿಸುತ್ತೇನೆ.

ಹೊಸದನ್ನು ಹಾಕುವ ಮುಂಚೆ ಸುಮ್ನೆ ಒಮ್ಮೆ ನೋಡಿಕೊಳ್ಳಲು ಫ್ಲಾಸ್ಕ್ ಸಾಕು. ಐಸ್ ಪುಡಿ ಮಾಡಿ ತುಂಬಿ, ಸಂದಿ ತುಂಬುವಷ್ಟೇ ನೀರು ಹಾಕಿ, ತುದಿಯನ್ನು ನಡುವೆ ಇಳಿಸಿ. ಸೊನ್ನೆ ಬರಬೇಕು. ಕುದಿಯುವ ನೀರಿನಲ್ಲಿ ಮಾತ್ರ 100 ಬರಲಿಲ್ಲ ಅಂತ ಮೀಟರ್‌ನ ಆಫ್‌ಸೆಟ್, ಅಂದರೆ ರೀಡಿಂಗ್ ಏರಿಸಿ ಇಳಿಸುವ ಹೊಂದಾಣಿಕೆ, ತಿರುಗಿಸಬೇಡಿ. ನಮ್ಮ ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ನೀರು ಕುದಿಯುವುದೇ 97 ಡಿಗ್ರಿಗೆ.